ಆಣೆಯ ಕಂಬಳಿ

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳಬಾರದು. ಹೇಳದಿದ್ದರೆ ಈ ಕಥೆ ನಿಮಗೆ ತಿಳಿಯುವುದಿಲ್ಲ, ಆದ್ದರಿಂದ ಹೇಳುತ್ತೇನೆ: ಬೋರಯ್ಯ. ನೋಡಿ, ಆಕಾಶವೇನೂ ಕಳಚಿ ಬೀಳಲಿಲ್ಲ. ನಾನು ಹೊನ್ನಕ್ಕ. ಬೋರಯ್ಯನ ತಮ್ಮ ತಿಪ್ಪಯ್ಯ, ನನಗೆ ಮೈದುನ. ಪರಶುರಾಂಪುರದಿಂದ ಆಚೆಗಿರುವ ಹಟ್ಟಿಯಲ್ಲಿ ನಮ್ಮದು ಒಂದೇ ಮನೆ, ನಡುವೆ ಗೋಡೆ, ಎರಡು ಬಾಗಿಲು, ಎರಡು ಮಗ್ಗ. ಅಣ್ಣ ತಮ್ಮ ಇಬ್ಬರೂ ಕಂಬಳಿ ನೇಯುತ್ತಾರೆ. ಇಬ್ಬರೂ ಎಂಟು ವರ್ಷ ಒಬ್ಬರ ಜೊತೆ ಒಬ್ಬರು ಮಾತಾಡಲಿಲ್ಲ.

ಅಣ್ಣತಮ್ಮಂದಿರು ಮಾತು ಬಿಡುವುದು ದೊಡ್ಡ ಸುದ್ದಿಯೇನಲ್ಲ. ನಮ್ಮ ಹೋಬಳಿಯಲ್ಲಿ ಮಾತಾಡಿದರೇ ಸುದ್ದಿ. ಆದರೆ ಕಂಬಳಿ ನೇಯುವವರಿಗೆ ಅದು ನಡೆಯುವ ಮಾತಲ್ಲ. ಹಾಸಿನ ನೂಲನ್ನು ಬೀದಿಯುದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜ ಅರೆದು ಕುದಿಸಿದ ಗಂಜಿಯನ್ನು ಕುಂಚದಿಂದ ಅದಕ್ಕೆ ಬಳಿಯಬೇಕು. ಆಚೆ ಒಬ್ಬ, ಈಚೆ ಒಬ್ಬ. ಇಬ್ಬರ ಕೈಯೂ ಒಂದೇ ಸಮ ಓಡಬೇಕು, ಇಲ್ಲದಿದ್ದರೆ ಒಂದು ಮಗ್ಗುಲು ಮೊದಲೇ ಒಣಗಿ ನೂಲು ಪಟಪಟ ಹರಿಯುತ್ತದೆ. ಬೇರೆಯವರನ್ನು ಕರೆಯೋಣವೆಂದರೆ ಹಟ್ಟಿಯಲ್ಲಿ ಈ ಕೆಲಸ ಬಲ್ಲ ಮೂರನೆಯ ಗಂಡಸಿಲ್ಲ. ಉಳಿದವರು ಚಳ್ಳಕೆರೆಯ ಎಣ್ಣೆ ಮಿಲ್ಲಿಗೋ ಗಾರೆ ಕೆಲಸಕ್ಕೋ ಬೆಳಗ್ಗೆಯೇ ಬಸ್ಸು ಹತ್ತುತ್ತಾರೆ. ಹಾಗಾಗಿ ಇವರಿಬ್ಬರೇ ನಿಲ್ಲಬೇಕು, ನಡುವೆ ನಾನು ಗಂಜಿ ಮಡಕೆ ಹಿಡಿದು ನಿಲ್ಲಬೇಕು.

"ಗಂಜಿ ಗಟ್ಟಿ ಆತು ಅಂತ ಹೇಳೇ," ಅನ್ನುತ್ತಿದ್ದ ಬೋರಯ್ಯ.

ತಿಪ್ಪಯ್ಯ ಎರಡು ಮಾರು ದೂರದಲ್ಲಿದ್ದಾನೆ. ಕಿವಿ ಚೆನ್ನಾಗಿಯೇ ಇದೆ. ಆದರೂ ಅಲ್ಲಾಡುವುದಿಲ್ಲ.

"ಗಂಜಿ ಗಟ್ಟಿ ಆತಂತಪ್ಪ," ಅನ್ನುತ್ತಿದ್ದೆ ನಾನು.

"ಒಂದ್ ಚೊಂಬು ನೀರು ಹಾಕ್ಲಿ ಅಂತ ಹೇಳು ಅತ್ಗೆ," ಅನ್ನುತ್ತಿದ್ದ ತಿಪ್ಪಯ್ಯ.

"ನೀರು ಹಾಕ್ಬೇಕಂತೆ."

ಆಗ ನೀರು ಬೀಳುತ್ತಿತ್ತು. ನನ್ನ ಬಾಯಿಂದ ಬಂದ ಮೇಲೇ ಅದು ಮಾತು ಅಂತ ಲೆಕ್ಕ. ಒಂದು ದಿನ ನನಗೂ ತಲೆಕೆಟ್ಟು ಬಾಯಿ ಮುಚ್ಚಿಕೊಂಡು ನಿಂತೆ. ಇಬ್ಬರೂ ಕುಂಚ ಹಿಡಿದು ನನ್ನ ಮುಖ ನೋಡುತ್ತ ನಿಂತರು. ಬಿಸಿಲು ಏರಿತು, ಇಡೀ ಹಾಸು ಒಣಗಿ ಹಪ್ಪಳವಾಯಿತು. ಅಷ್ಟೂ ನೂಲು ಹಾಳು. ಮಾರನೆಯ ದಿನ ನಾನೇ ಸೋತು ಬಾಯಿ ತೆರೆದೆ, ಯಾಕೆಂದರೆ ಆ ನೂಲು ತೆಗೆದವಳೂ ನಾನೇ.

ಜಗಳ ಹುಟ್ಟಿದ್ದೂ ಕಂಬಳಿಯಿಂದಲೇ. ಚಳ್ಳಕೆರೆಯ ಒಬ್ಬ ವ್ಯಾಪಾರಿ ಒಂದು ಕಂಬಳಿ ವಾಪಸ್ ತಂದು, ಇದರಲ್ಲಿ ಮಿಲ್ಲಿನ ನೂಲು ಬೆರೆತಿದೆ ಅಂದ. ಮಿಲ್ಲಿನ ನೂಲು ಎಂದರೆ ಕುರಿಯ ಮುಖವನ್ನೇ ನೋಡದ ನೂಲು. ಬೋರಯ್ಯ ತಮ್ಮನ ಕಡೆ ತಿರುಗಿ ನೋಡಿದ. ಬರೀ ನೋಡಿದ, ಅಷ್ಟೇ. ತಿಪ್ಪಯ್ಯ "ಏನ್ ನೋಡ್ತೀಯ?" ಅಂದ. "ನೋಡಿದ್ರೆ ತಪ್ಪಾ?" ಅಂದ ಇವನು. ಸಂಜೆ ಹೊತ್ತಿಗೆ ಸತ್ತು ಮಣ್ಣಾದ ಅಪ್ಪನವರೆಗೂ ಮಾತು ಹೋಗಿತ್ತು. ಮೈದುನ ಬೆರೆಸಿದ್ದನೋ ಇಲ್ಲವೋ, ಆ ಕಂಬಳಿ ನಮ್ಮದೋ ವ್ಯಾಪಾರಿಯದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ.

ವಿಷಯ ಗದ್ದಿಗೆಗೆ ಹೋಯಿತು. ಗದ್ದಿಗೆ ಎಂದರೆ ನೆಲದ ಮೇಲೆ ಹಾಸಿದ ಕರಿ ಕಂಬಳಿ, ಅದರ ನಡುವೆ ಒಂದು ದೀಪ. ನಮ್ಮವರಿಗೆ ಕಂಬಳಿ ಇಲ್ಲದೆ ಏನೂ ನಡೆಯದು. ಮಳೆಗೆ ತಲೆ ಮೇಲಿನ ಕೊಪ್ಪೆ ಅದೇ, ಚಳಿಗೆ ಹೊದಿಕೆ ಅದೇ, ಕುರಿ ಹಿಂದೆ ಊರೂರು ಹೋದವನಿಗೆ ಹಾಸಿಗೆ ಅದೇ. ಕಣದಿಂದ ಶೇಂಗಾ ಹೊರುವಾಗ ಅದೇ ಚೀಲ. ಬಾಣಂತಿಗೆ ಅದನ್ನು ಕೆಳಗೆ ಹಾಸುತ್ತಾರೆ, ಹೆಣಕ್ಕೆ ಮೇಲೆ ಹೊದಿಸುತ್ತಾರೆ, ಎರಡರ ಮೈಲಿಗೆಯೂ ಅದಕ್ಕೆ ತಟ್ಟುವುದಿಲ್ಲ. ನಮ್ಮ ಮಾವನ ಕಾಲದಲ್ಲಿ ಉಳ್ಳಾರ್ತಿ ಕಾವಲ್ ಕಡೆ ಮೇಯ್ದು ಬಂದ ಕುರಿಗಳ ಉಣ್ಣೆ ಮನೆ ತುಂಬ ಬೀಳುತ್ತಿತ್ತಂತೆ. ಈಗ ಅತ್ತ ಬೇಲಿ ಬಿದ್ದಿದೆ, ಒಳಗೆ ದೊಡ್ಡ ದೊಡ್ಡ ಸಂಶೋಧನೆ ನಡೆಯುತ್ತದಂತೆ, ನಮ್ಮ ಕುರಿಗೆ ಅದರಲ್ಲಿ ಕೆಲಸವಿಲ್ಲ. ಆಗಾಗ ಕಾರಿನಲ್ಲಿ ಯಾರೋ ಬಂದು ಕಂಬಳಿ ಕೊಂಡು ಗೋಡೆಗೆ ತೂಗುಹಾಕುತ್ತೇವೆ ಅನ್ನುತ್ತಾರೆ. ಗೋಡೆಗೆ ಚಳಿಯಾಗುತ್ತದೋ ಏನೋ.

ಗದ್ದಿಗೆಯ ಮೇಲೆ ಕೂತು ಆಡಿದ ಮಾತು ಮಾತು. ಅಲ್ಲಿ ಆದ ಮದುವೆ ಮದುವೆ, ಅಲ್ಲಿ ಹಾಕಿದ ಆಣೆ ಆಣೆ. ಆ ಕಂಬಳಿ ಇರುವುದು ಹಟ್ಟಿ ಯಜಮಾನ ಜಂಬುಲಿಂಗಪ್ಪಜ್ಜನ ಮನೆಯ ಪೆಟ್ಟಿಗೆಯಲ್ಲಿ. ಅವತ್ತು ಅಜ್ಜ ಅದನ್ನು ತಂದು ಬೇವಿನ ಮರದ ಕಟ್ಟೆಯ ಮೇಲೆ ಹಾಸಿದ. ಇಬ್ಬರನ್ನೂ ಕೂರಿಸಿದ. ಹೆಂಗಸರು ಗದ್ದಿಗೆಯ ಹತ್ತಿರ ಹೋಗುವಂತಿಲ್ಲ, ಹಾಗಾಗಿ ನಾನೂ ತಿಪ್ಪಯ್ಯನ ಹೆಂಡತಿ ಪಾತಕ್ಕನೂ ಗೋಡೆ ಮರೆಯಲ್ಲಿ ನಿಂತು ಕೇಳಿದೆವು. ಅಜ್ಜ ರಾಜಿ ಮಾಡಿಸಲೆಂದೇ ಕೂರಿಸಿದ್ದ. ರಾಜಿ ಎಲ್ಲಿಂದ ಬಂತು! ಬೋರಯ್ಯ ಕಂಬಳಿಯ ಮೇಲೆ ಅಂಗೈ ಬಡಿದು, "ಇವನ ಜೊತೆ ಇನ್ನೊಂದ್ ಮಾತಾಡಿದ್ರೆ ಈ ಗದ್ದಿಗೆ ಆಣೆ" ಅಂದ. "ನಂದೂ ಅದೇ ಆಣೆ" ಅಂದ ತಿಪ್ಪಯ್ಯ. ಪಾತಕ್ಕ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಇನ್ ನಮ್ ಗತಿ ಮುಗೀತು" ಅಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಪಾತಕ್ಕ ನನ್ನ ಜೊತೆ ಕೂತು ನೂಲು ತೆಗೆಯುತ್ತಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ನನ್ನ ಮಗಳು ಶಶಿರೇಖಾ ಬೆಳೆದದ್ದೇ ಅವಳ ತೊಡೆಯ ಮೇಲೆ. ನಾನು ಬೈದಾಗೆಲ್ಲ ಹುಡುಗಿ ಆ ಕಡೆಯ ಬಾಗಿಲಿಗೆ ಓಡುತ್ತಿದ್ದಳು, ನಾನು ಬೈಯುವುದೂ ಜಾಸ್ತಿಯೇ. ಆಣೆ ಹಾಕಿ ನಾಲ್ಕು ವರ್ಷವಾದಾಗ ಪಾತಕ್ಕ ಎದೆನೋವು ಅಂತ ಮಲಗಿದವಳು ಏಳಲಿಲ್ಲ.

ಬೋರಯ್ಯ ಹೋಗಿ ಗುಂಡಿ ತೋಡಿದ. ತಾನು ನೇಯ್ದ ಕಂಬಳಿಗಳಲ್ಲಿ ಒಳ್ಳೆಯದನ್ನು, ಮರಿಗಳ ಮೊದಲ ಉಣ್ಣೆಯದನ್ನು, ತಂದು ಅವಳಿಗೆ ಹೊದಿಸಿದ. ತಮ್ಮನ ಮಗ್ಗುಲಿಗೆ ಬಂದು ನಿಂತ. ಬಾಯಿ ತೆರೆದ, ಮುಚ್ಚಿದ. ತಿಪ್ಪಯ್ಯ ತಲೆ ಎತ್ತಿ ಅವನ ಬಾಯಿಯನ್ನೇ ನೋಡಿದ. ಒಂದು ಮಾತೂ ಬರಲಿಲ್ಲ. ಜನ "ಆಣೆ ಐತಲ್ಲ, ಪಾಪ, ಏನ್ ಮಾಡ್ತಾನೆ" ಅಂದರು. ನಾನೂ ಹಾಗೇ ಅಂದುಕೊಂಡೆ. ಆ ಹಾಳು ಕಂಬಳಿಗೆ ಬೆಂಕಿ ಬೀಳಲಿ ಅಂತ ಮನಸ್ಸಿನಲ್ಲೇ ಶಾಪ ಹಾಕಿದೆ, ಆಮೇಲೆ ಗದ್ದಿಗೆಗೆ ಹಾಗೆ ಅನ್ನಬಾರದು ಅಂತ ಕೆನ್ನೆ ಬಡಿದುಕೊಂಡೆ. ಅವತ್ತಿನಿಂದ ತಿಪ್ಪಯ್ಯನ ಊಟ ನಮ್ಮ ಮನೆಯಲ್ಲೇ. ಅಣ್ಣ ಉಂಡು ಎದ್ದ ಮೇಲೆ ತಮ್ಮ ಬಂದು ಕೂರುತ್ತಿದ್ದ.

ಈಗ ಶಶಿರೇಖಾಳ ಮದುವೆ ಕೂಡಿಬಂತು. ಅವಳು ಚಳ್ಳಕೆರೆಯ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ನಾಯಕನಹಟ್ಟಿಯವನು, ಮಹಾಂತೇಶ ಅಂತ, ಟ್ರಾಕ್ಟರ್ ರಿಪೇರಿ. ಎಲ್ಲ ಸರಿಯಾಯಿತು ಅನ್ನುವಾಗ ಗದ್ದಿಗೆಯ ಪ್ರಶ್ನೆ ಬಂತು. ನಮ್ಮ ಪದ್ಧತಿಯಲ್ಲಿ ಹುಡುಗಿಯ ಚಿಕ್ಕಪ್ಪ ಮಡಿಸಿದ ಕಂಬಳಿ ಹಿಡಿದು ಚಪ್ಪರದ ನಡುವೆ ನಿಂತು, ಹುಡುಗಿಯ ಅಪ್ಪನನ್ನು ಎಲ್ಲರಿಗೂ ಕೇಳುವ ಹಾಗೆ, "ಅಣ್ಣಾ, ಗದ್ದಿಗೆ ಹಾಸಲಾ?" ಅಂತ ಕೇಳಬೇಕು. ಅಪ್ಪ "ಹಾಸು" ಅನ್ನಬೇಕು. ಆಮೇಲೆ ಹಾಸುವುದು, ಆಮೇಲೆ ಹುಡುಗ ಹುಡುಗಿ ಕೂರುವುದು. ಸನ್ನೆಯಲ್ಲಿ ನಡೆಯುವುದಿಲ್ಲ.

"ನಾನ್ ಮಧ್ಯ ನಿಂತು ಅವನ ಮಾತು ಇವನಿಗೆ ಹೇಳ್ತೀನಜ್ಜಾ, ಎಂಟು ವರ್ಷದಿಂದ ಅದೇ ಕಸುಬು," ಅಂದೆ ಜಂಬುಲಿಂಗಪ್ಪಜ್ಜನಿಗೆ.

"ಹೆಂಗಸರ ಬಾಯಿ ಮಾತಿಗೆ ಗದ್ದಿಗೆ ಹಾಸಲ್ಲ ಕಣಮ್ಮ," ಅಂದ ಅಜ್ಜ. "ದಾಯಾದಿ ಪಾತಣ್ಣ ಅದಾನಲ್ಲ, ಅವನ ಕೈಲಿ ಹಾಸ್ಸಿ ಬಿಡು."

ಶಶಿರೇಖಾ ಒಪ್ಪಲಿಲ್ಲ. "ಚಿಕ್ಕಪ್ಪ ಹಾಸಿದ್ರೆ ಕೂಡ್ತೀನಿ. ಇಲ್ಲಾಂದ್ರೆ ತಾಳಿನೂ ಬ್ಯಾಡ, ಮದ್ವೆನೂ ಬ್ಯಾಡ," ಅಂದಳು. ಹಟದಲ್ಲಿ ಅವಳು ಯಾರ ಮಗಳು ಅಂತ ಕೇಳುವ ಅಗತ್ಯವಿಲ್ಲ. ಅವಳು ಅಳಲಿಲ್ಲ, ಕೂಗಾಡಲಿಲ್ಲ, ಹೇಳಿ ಬಸ್ಸು ಹತ್ತಿ ಕೆಲಸಕ್ಕೆ ಹೋದಳು. ನನಗೆ ಅದಕ್ಕೇ ಹೆದರಿಕೆಯಾಯಿತು.

ಮತ್ತೆ ಅಜ್ಜನ ಹತ್ತಿರ ಹೋದೆ. "ಆಣೆ ಇಳಿಸೋಕೆ ದಾರಿ ಇಲ್ವಾ?" ಅಂದೆ.

"ಐತೆ. ಯಾವ ಕಂಬಳಿ ಮೇಲೆ ಆಣೆ ಹಾಕಿದ್ರೋ ಅದರ ಮೇಲೇ ಇಬ್ರೂ ಕುಂತು ವೀಳ್ಯದೆಲೆ ಹರೀಬೇಕು. ಬ್ಯಾರೆ ಕಂಬಳಿ ನಡಿಯಲ್ಲ."

"ತೆಗಿ ಮತ್ತೆ ಪೆಟ್ಟಿಗೆಯಾಗಿಂದ."

ಅಜ್ಜ ಮಾಳಿಗೆಯ ಜಂತೆ ಎಣಿಸುವವನ ಹಾಗೆ ಮೇಲೆ ನೋಡಿದ. "ಪೆಟ್ಟಿಗೆಯಾಗೆ ಇರೋದು ಬ್ಯಾರೆ. ಆ ಕಂಬಳಿನ ಮೊಳಕಾಲ್ಮೂರಿನ ನಮ್ ತಂಗಿಗೆ ಕೊಟ್ಟೆ."

"ಗದ್ದಿಗೆ ಕಂಬಳಿನ? ತಂಗಿಗೆ?"

"ಚಳಿ ಅಂದ್ಲು."

ಬಂಡೆ ಕಾಯುವ ಮೊಳಕಾಲ್ಮೂರಿನಲ್ಲಿ ಎಂಥ ಚಳಿ ಬೀಳುತ್ತದೆ ಅಂತ ನಿಮಗೂ ಗೊತ್ತು. ಆದರೆ ನನಗೆ ಆಗ ವಾದ ಮಾಡುವ ಪುರುಸೊತ್ತಿರಲಿಲ್ಲ. ಬರಿಗೈಯಲ್ಲಿ ಹೋಗಿ ಕೇಳಿದರೆ ಯಾರು ಕೊಡುತ್ತಾರೆ ಅಂತ ಬೋರಯ್ಯ ನೇಯ್ದ ಒಂದು ಹೊಸ ಕಂಬಳಿ ಸುತ್ತಿಕೊಂಡು ಬೆಳಗ್ಗೆ ಹೊರಟೆ. ಯಾಕೆ ಹೋಗುತ್ತಿದ್ದೇನೆ ಅಂತ ಇಬ್ಬರಿಗೂ ಹೇಳಿದೆ. ಇಬ್ಬರೂ ಒಂದೇ ರೀತಿ ಕೆಮ್ಮಿದರು. ಅದಕ್ಕೆ ಏನು ಅರ್ಥ ಅಂತ ಆಗ ನನಗೆ ಹೊಳೆಯಲಿಲ್ಲ.

ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ, ತಳಕು, ಹಾನಗಲ್ ದಾಟಿ ಮೊಳಕಾಲ್ಮೂರು ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಬಂಡೆಗಳ ಕೆಳಗೆ ಊರು, ಊರೆಲ್ಲ ರೇಷ್ಮೆ ಮಗ್ಗದ ಸದ್ದು. ರೇಷ್ಮೆ ನೇಯುವವರ ಬೀದಿಯಲ್ಲಿ ಕಂಬಳಿ ಹೊತ್ತು ನಡೆದರೆ ಜನ ನೋಡುವ ನೋಟವೇ ಬೇರೆ. ನಾನೂ ತಿರುಗಿ ನೋಡಿದೆ. ಅವರದು ಮದುವೆಯ ದಿನ ಮೈಮೇಲಿರುತ್ತದೆ, ನಮ್ಮದು ಅದೇ ದಿನ ಕೆಳಗಿರುತ್ತದೆ, ಅಷ್ಟೇ ತಾನೆ.

ಅಜ್ಜನ ತಂಗಿ ಕೊಲ್ಲಾಪುರಮ್ಮ ಜಗುಲಿಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಆ ಕಡೆಯವರಿಗೆ ತೆಲುಗು ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. "ರಾಮ್ಮಾ, ಕೂಚೋ, ನೀರು ಕುಡೀತೀಯಾ?" ಅಂತ ಕರೆದು ಕೂರಿಸಿದಳು. ನೀರು ಕುಡಿದು, ಬಂದ ಕೆಲಸ ಹೇಳಿದೆ. ಅವಳು ಕೇಳಿ ಕೇಳಿ ಕೊನೆಗೆ ತೊಟ್ಟು ಬಿಡಿಸುವುದನ್ನೇ ನಿಲ್ಲಿಸಿದಳು.

"ಗದ್ದಿಗೆ ಕಂಬಳಿನಾ? ನಮ್ಮಣ್ಣ ಕೊಟ್ಟಿದ್ದು ಅಲ್ಲಿ ಐತೆ ನೋಡು," ಅಂದಳು.

ಅಂಗಳದ ಮೂಲೆಯಲ್ಲಿ ಅವಳ ಮಗನ ಹಳೆಯ ಸ್ಕೂಟರ್ ನಿಂತಿತ್ತು. ಅದಕ್ಕೆ ಕರಿ ಕಂಬಳಿ ಹೊದಿಸಿ ಹಗ್ಗ ಬಿಗಿದಿದ್ದರು. ಮೇಲೆ ಕೋಳಿ ಕೂತಿತ್ತು. ನಾನು ಕೋಳಿ ಓಡಿಸಿ, ಹಗ್ಗ ಬಿಚ್ಚಿ, ಕಂಬಳಿಯ ಅಂಚನ್ನು ಬೆರಳಿನ ನಡುವೆ ಹಿಡಿದೆ. ಹಿಡಿದದ್ದೇ ತಡ, ಕೈ ಬಿಟ್ಟೆ. ಮತ್ತೆ ಹಿಡಿದೆ. ಹನ್ನೆರಡನೆಯ ವಯಸ್ಸಿನಿಂದ ಉಣ್ಣೆ ಹಿಂಜಿ ನೂಲು ತೆಗೆದ ಕೈ ಇದು. ಅದರಲ್ಲಿ ಕುರಿಯ ಉಣ್ಣೆಯ ಎಳೆ ಒಂದೂ ಇರಲಿಲ್ಲ.

"ಇದಿ ಗೊಂಗಡಿ ಕಾದಮ್ಮಾ," ಅಂದಳು ಕೊಲ್ಲಾಪುರಮ್ಮ ಹಿಂದಿನಿಂದ. "ಕಂಬಳಿನೇ ಅಲ್ಲ ಇದು. ಮಿಲ್ಲಿಂದು. ನಮ್ಮಣ್ಣ ಜನ್ಮದಾಗೆ ಕೊಟ್ಟ ಒಂದೇ ಉಡುಗೊರೆ, ಅದೂ ಹಿಂಗೆ. ಹೊದ್ರೆ ಬೆವರು ಬರ್ತೈತೆ, ಬಿಟ್ರೆ ಚಳಿ ಆಗ್ತೈತೆ. ಸ್ಕೂಟರ್‌ಗೆ ಪರ್ವಾಗಿಲ್ಲ."

ಬೇರೆ ಯಾವುದೋ ಕಂಬಳಿ ಇರಬಹುದು ಅಂತ ನಾನು ಪೂರ್ತಿ ಹರಡಿ ನೋಡಿದೆ. ನಟ್ಟನಡುವೆ ದೀಪದ ಎಣ್ಣೆಯ ಕಲೆ ಇತ್ತು, ಅರಿಶಿನ ಕುಂಕುಮ ಹತ್ತಿತ್ತು. ಕಲೆಯ ಪಕ್ಕದಲ್ಲಿ ಬತ್ತಿ ಬಿದ್ದು ಆದ ತೂತು. ತೂತಿನ ಅಂಚು ಕರಗಿ, ಗಟ್ಟಿಯಾಗಿ, ಪ್ಲಾಸ್ಟಿಕ್ ಬಕೆಟ್ಟಿನ ಅಂಚಿನ ಹಾಗಿತ್ತು. ಅದೇ ಗದ್ದಿಗೆ. ಬೋರಯ್ಯ ಅಂಗೈ ಬಡಿದದ್ದು ಇದಕ್ಕೇ.

ನಾನು ಆ ಅಂಗಳದಲ್ಲೇ ಕೂತು ನಕ್ಕೆ. ಕೊಲ್ಲಾಪುರಮ್ಮ ನನಗೆ ಬಿಸಿಲು ಬಡಿದಿರಬೇಕು ಅಂತ ಇನ್ನೊಂದು ಚೊಂಬು ನೀರು ತಂದಳು. ಮಿಲ್ಲಿನ ನೂಲು ಬೆರೆಸಿದೆಯಾ ಅಂತ ಶುರುವಾದ ಜಗಳ, ಮಿಲ್ಲಿನ ಕಂಬಳಿಯ ಮೇಲೆ ಕೂತು ನ್ಯಾಯ! ಆಣೆಯೇ ಬಿದ್ದಿರಲಿಲ್ಲ. ಇಳಿಸುವುದೇನು ಬಂತು? ಹೊಸ ಕಂಬಳಿ ಅವಳ ಕೈಗಿಟ್ಟೆ. ಅವಳು ಅದನ್ನು ಮೂಸಿ, ಕೆನ್ನೆಗೆ ಒತ್ತಿ, "ಇದು ನೋಡು, ಕುರಿ ವಾಸನೆ," ಅಂತ ಒಳಗೆ ತೆಗೆದುಕೊಂಡು ಹೋದಳು. ನಾನು ಆ ಸ್ಕೂಟರಿನ ಹೊದಿಕೆ ಮಡಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಗು ಬರುತ್ತಿತ್ತು. ಪಾಪದ ಮುಂಡೇವು, ಸಿಟ್ಟಿನ ಭರದಲ್ಲಿ ಕೂತಾಗ ಗೊತ್ತಾಗಿಲ್ಲ, ಈಗ ಗೊತ್ತಾದರೆ ಕುಣಿದಾಡುತ್ತಾರೆ ಅಂದುಕೊಂಡೆ.

ಮರುದಿನ ಬೆಳಗ್ಗೆ ಎಲ್ಲರನ್ನೂ ಕಟ್ಟೆಗೆ ಕರೆದೆ. ಅಜ್ಜ, ಬೋರಯ್ಯ, ತಿಪ್ಪಯ್ಯ. ಶಶಿರೇಖಾ ರಜೆ ಹಾಕಿ ಬಂದಿದ್ದಳು. ಹೆಂಗಸರು ಗದ್ದಿಗೆ ಮುಟ್ಟಬಾರದಮ್ಮ ಅಂತ ಅಜ್ಜ ಶುರುಮಾಡಿದ. "ಕೋಳಿ ಮುಟ್ಟೈತೆ, ಸುಮ್ಕಿರಜ್ಜಾ," ಅಂದೆ. ಕಂಬಳಿಯಿಂದ ಒಂದು ಎಳೆ ಕಿತ್ತೆ, ಬೆಂಕಿಪೊಟ್ಟಣ ಗೀರಿದೆ. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಇದು ಸರಸರ ಕರಗಿ, ಕಪ್ಪು ಹನಿಯಾಗಿ ತೊಟ್ಟಿಕ್ಕಿ, ಬೀದಿಯಲ್ಲಿ ಪ್ಲಾಸ್ಟಿಕ್ ಸುಟ್ಟ ನಾತ ಬಂತು.

"ನೋಡ್ರಿ," ಅಂದೆ. "ಇದು ಗದ್ದಿಗೆನೂ ಅಲ್ಲ, ನೀವು ಹಾಕಿದ್ದು ಆಣೆನೂ ಅಲ್ಲ. ಇನ್ ಮಾತಾಡ್ರಿ."

ಯಾರೂ ಕುಣಿಯಲಿಲ್ಲ. ಬೋರಯ್ಯ ನೆಲ ನೋಡಿದ. ತಿಪ್ಪಯ್ಯ ನೆಲ ನೋಡಿದ. ಅಜ್ಜ ಬೇವಿನ ಮರ ನೋಡಿದ. ನಾನು ಮೂವರನ್ನೂ ನೋಡಿದೆ. ನನಗಿಂತ ಮೊದಲು ಮಗಳಿಗೆ ಹೊಳೆಯಿತು.

"ಅಪ್ಪಾ," ಅಂದಳು. "ನಿಂಗೆ ಗೊತ್ತಿತ್ತಾ?"

ಬೋರಯ್ಯ ತಲೆಯ ಟವಲ್ ತೆಗೆದು ಮಡಿಸಿದ. "ಕುಂತ ಕೂಡ್ಲೆ ಗೊತ್ತಾತು," ಅಂದ. "ಚುಚ್ಚಲಿಲ್ಲ."

"ನಂಗೂ ಚುಚ್ಚಲಿಲ್ಲ," ಅಂದ ತಿಪ್ಪಯ್ಯ, ನೆಲಕ್ಕೆ.

ಉಣ್ಣೆಯ ಕಂಬಳಿ ಪಂಚೆಯ ಮೇಲಿಂದಲೂ ಚುಚ್ಚುತ್ತದೆ, ಎಂಥವನಿಗೂ ತಿಳಿಯುತ್ತದೆ. ಅದು ನನಗೆ ಯಾಕೆ ಮೊದಲೇ ಹೊಳೆಯಲಿಲ್ಲ! "ಗೊತ್ತಿದ್ದೂ ಯಾಕ್ ಬಾಯ್ ಬಿಡಲಿಲ್ಲ?" ಅಂತ ಕಿರುಚಿದೆ.

"ಇದು ಮಿಲ್ಲಿಂದು ಅಂತ ನಾನ್ ಹೇಳಿದ್ರೆ," ಅಂದ ಬೋರಯ್ಯ, "ಜನ ಏನಂತಿದ್ರು? ತಿಪ್ಪಯ್ಯ ಗದ್ದಿಗೆಗೂ ಮಿಲ್ಲಿನ ನೂಲು ಹಾಕ್ಯಾನೆ ಅಂತಿದ್ರು. ಹಟ್ಟಿಯಾಗೆ ಇರೋಕೆ ಬಿಡ್ತಿದ್ರಾ ಅವನ್ನ?"

"ನಾನ್ ಹೇಳಿದ್ರೆ," ಅಂದ ತಿಪ್ಪಯ್ಯ, "ನೋಡ್ರಿ, ಮಿಲ್ಲಿಂದು ಇವನಿಗೆಂಗೆ ಅಷ್ಟು ಬೇಗ ಗೊತ್ತಾತು ಅಂತಿದ್ರು."

"ನೀನಜ್ಜಾ?" ಅಂದೆ.

ಹಳೆಯ ಗದ್ದಿಗೆಗೆ ನುಸಿ ಹಿಡಿದಿತ್ತು, ಬೆಳಗಾದರೆ ನ್ಯಾಯ, ನೇಯುವವರೇ ಜಗಳದಲ್ಲಿದ್ದರು, ಹಾಗಾಗಿ ಸಂತೆಯಲ್ಲಿ ಕೊಂಡೆ ಅಂದ ಅಜ್ಜ. ದೀಪದ ಬತ್ತಿ ಬಿದ್ದಾಗ ಅವನಿಗೂ ತಿಳಿಯಿತಂತೆ. "ತಿಳಿದ ಮ್ಯಾಲೆ ತಂಗಿಗೆ ಕೊಟ್ಟೆ," ಅಂದ. "ನೀನು ಆಣೆ ಇಳಿಸೋ ನಿಯಮ ಕೇಳಿದಿ, ನಿಯಮ ಹೇಳಿದೆ. ಅದರಾಗೆ ನಂದೇನ್ ತಪ್ಪೈತೆ?"

ಮೂವರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಎಂಟು ವರ್ಷ ಗಂಜಿ ಗಟ್ಟಿಯಾಯಿತು, ನೀರು ಹಾಕು ಅಂತ ಇವರ ಮಾತು ಹೊತ್ತವಳು. ನನಗೆ ಬಂದ ಸಿಟ್ಟಿಗೆ ಆ ಸ್ಕೂಟರ್ ಕಂಬಳಿಯನ್ನೇ ಮೂವರ ತಲೆಗೂ ಸುತ್ತಿ ಬಡಿಯಬೇಕು ಅನಿಸಿತು. ಬಾಯಿಗೆ ಬಂದದ್ದೆಲ್ಲ ಬೈದೆ. ಅಜ್ಜ ಅನ್ನುವುದನ್ನೂ ನೋಡಲಿಲ್ಲ.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ತಿಪ್ಪಯ್ಯ ತಲೆ ಎತ್ತಿದ. ಈ ಸಲ ನೆಲ ನೋಡಲಿಲ್ಲ, ಅಣ್ಣನನ್ನೇ ನೋಡಿದ.

"ಪಾತಿ ಹೋದ ದಿನಾನೂ ನಿಂಗೆ ಗೊತ್ತಿತ್ತು ಹಂಗಾದ್ರೆ," ಅಂದ.

ಬೋರಯ್ಯ ಕಟ್ಟೆಯ ಮೇಲೆ ಬಿದ್ದ ಕಪ್ಪು ಹನಿಯನ್ನು ಉಗುರಿನಿಂದ ಕೆರೆದ. ತಿಪ್ಪಯ್ಯ ಅದು ಮುಗಿಯುವವರೆಗೂ ನೋಡಿದ. ಆಮೇಲೆ ಎದ್ದು ಹೋಗಿ ತನ್ನ ಬಾಗಿಲು ಹಾಕಿಕೊಂಡ.

ನಾನು ಎರಡು ದಿನ ನನ್ನ ಗಂಡನಿಗೆ ಮುದ್ದೆ ತಿರುವಲಿಲ್ಲ. ಬೇಕಾದರೆ ಜಂಬುಲಿಂಗಪ್ಪಜ್ಜನ ಮನೆಯಲ್ಲಿ ನಿಯಮ ಉಣ್ಣು ಅಂದೆ. ಅವನೂ ಕೇಳಲಿಲ್ಲ, ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಸುಮ್ಮನೆ ಕೂತಿರುತ್ತಿದ್ದ. ತಿಪ್ಪಯ್ಯ ಊಟಕ್ಕೆ ಬರುವುದನ್ನು ಬಿಟ್ಟ. ಶಶಿರೇಖಾ ತಟ್ಟೆ ತೆಗೆದುಕೊಂಡು ಹೋದರೆ ಉಂಡು, ತೊಳೆದು ಕೊಡುತ್ತಿದ್ದ. "ಚಿಕ್ಕಪ್ಪಾ, ಹಾಸ್ತೀಯಾ?" ಅಂತ ಅವಳು ಕೇಳಿದ್ದಕ್ಕೆ ತಲೆ ಸವರಿದನಂತೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಒಂದು ಬೆಳಗ್ಗೆ ನೋಡಿದರೆ ಬೀದಿಯಲ್ಲಿ ಕರಿ ನೂಲಿನ ಹಾಸು ಎಳೆದು ಕಟ್ಟಿದೆ, ತಿಪ್ಪಯ್ಯ ಒಬ್ಬನೇ ಗಂಜಿ ಬಳಿಯುತ್ತಿದ್ದಾನೆ. ಈ ಮಗ್ಗುಲು ನಾಲ್ಕು ಸಲ ಎಳೆದು, ಕೆಳಗೆ ನುಸುಳಿ ಆ ಮಗ್ಗುಲಿಗೆ ಓಡುತ್ತಿದ್ದ. ನಾನು ಏನೂ ಅನ್ನಲಿಲ್ಲ. ಬೋರಯ್ಯ ಹೊಸಲಿನ ಮೇಲೆ ನಿಂತು ನೋಡಿದ. ಒಳಗೆ ಹೋಗಿ ತನ್ನ ಕುಂಚ ತಂದು ಎದುರಿಗೆ ನಿಂತ. ತಿಪ್ಪಯ್ಯ ಅವನನ್ನು ಬೇಡ ಅನ್ನಲಿಲ್ಲ. ಹಾಸು ಮುಗಿಯುವವರೆಗೂ ಇಬ್ಬರೂ ಬಾಯಿ ಬಿಡಲಿಲ್ಲ, ನನ್ನನ್ನೂ ಕರೆಯಲಿಲ್ಲ. ಮುಗಿದ ಮೇಲೆ ತಿಪ್ಪಯ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆಮೇಲೆ ಗೋಡೆಯಾಚೆ ಹಗಲೆಲ್ಲ ಮಗ್ಗ ಬಡಿಯುವ ಸದ್ದು. ಅದು ಗದ್ದಿಗೆಗೋ, ವ್ಯಾಪಾರಿಗೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ, ಧೈರ್ಯಕ್ಕೆ ಹೆಸರಾದವಳು ನಾನು.

ಮದುವೆಯ ದಿನ ಬಂತು. ಚಪ್ಪರ ತುಂಬ ಜನ. ಓಲಗದವರ ಕೆನ್ನೆ ಊದಿ ಊದಿ ಕೆಂಪಾಗಿತ್ತು. ಮಹಾಂತೇಶ ಬಾಸಿಂಗ ಕಟ್ಟಿಕೊಂಡು ನಿಂತಿದ್ದ. ಪಕ್ಕದಲ್ಲಿ ಶಶಿರೇಖಾ, ಮೊಳಕಾಲ್ಮೂರು ಸೀರೆ ಉಟ್ಟು, ಬಾಗಿಲ ಕಡೆಗೇ ಕಣ್ಣಿಟ್ಟಿದ್ದಳು. ಪಾತಣ್ಣ ಒಂದು ಕಂಬಳಿ ಬಗಲಲ್ಲಿಟ್ಟುಕೊಂಡು ಒಂದು ಮೂಲೆಯಲ್ಲಿ ಕಾಯುತ್ತಿದ್ದ. ಅಜ್ಜನ ಏರ್ಪಾಡು. ಅವನು ಒಂದು ಹೆಜ್ಜೆ ಮುಂದೆ ಬಂದರೆ ನನ್ನ ಮಗಳು ಹಿಂದೆ ತಿರುಗಿ ಹೋಗುತ್ತಾಳೆ ಅಂತ ನನಗೆ ಗೊತ್ತಿತ್ತು.

ತಿಪ್ಪಯ್ಯ ಬಂದ. ಹೊಸ ಪಂಚೆ ಉಟ್ಟಿದ್ದ. ತೋಳಿನ ಮೇಲೆ ಮಡಿಸಿದ ಕರಿ ಕಂಬಳಿ. ಚಪ್ಪರದ ನಡುವೆ ಬಂದು ಅಣ್ಣನ ಎದುರು ನಿಂತ. ಓಲಗ ನಿಂತಿತು. ಎಲ್ಲರೂ ಅವನ ಬಾಯಿ ನೋಡಿದರು. ಬಾಯಿ ತೆರೆಯಿತು, ಮಾತು ಬರಲಿಲ್ಲ. ಮತ್ತೆ ತೆರೆಯಿತು, ಮತ್ತೆ ಬರಲಿಲ್ಲ. ಬೀಗಿತ್ತಿ ಪಕ್ಕದವಳಿಗೆ, "ಮರ್ತಂಗೈತೆ," ಅಂದಳು. ಪಾತಣ್ಣ ಮೂಲೆಯಿಂದ ಎದ್ದ.

ಆಗ ಬೋರಯ್ಯ ಮಾತಾಡಿದ. ಅವನು ಮೊದಲು ಮಾತಾಡುವಂತಿಲ್ಲ. ಕೇಳಿದ ಮೇಲೆ ಉತ್ತರ ಕೊಡಬೇಕಾದವನು.

"ಲೇ ತಿಪ್ಪಯ್ಯಾ," ಅಂದ. "ಪಾತಕ್ಕ ಹೋಗ್ಬಿಟ್ಲಲ್ಲೋ."

ಮದುವೆ ಚಪ್ಪರದಲ್ಲಿ, ತಾಳಿ ಕಟ್ಟುವ ಹೊತ್ತಿನಲ್ಲಿ, ಸತ್ತವಳ ಹೆಸರು! ಬೀಗಿತ್ತಿ ಎದ್ದು ನಿಂತಳು. ಐನೋರು ಅಕ್ಷತೆಯ ತಟ್ಟೆ ಕೆಳಗಿಟ್ಟರು. ಜಂಬುಲಿಂಗಪ್ಪಜ್ಜ, "ಅಯ್ಯಯ್ಯೋ, ಏನ್ ಮಾತಾಡ್ತೀಯಲೇ ಬೋರಾ," ಅಂತ ಅವನ ರಟ್ಟೆ ಹಿಡಿದ. ಬೋರಯ್ಯ ಕೊಡವಿದ.

"ಎಂಥಾ ಹೆಣ್ಮಗಳೋ ಅದು," ಅಂದ. "ಬಂದು ನಿನ್ ಮಗ್ಗುಲಾಗೇ ನಿಂತೆ. ಒಂದ್ ಮಾತು ಆಡ್ಲಿಲ್ಲ ಕಣೋ ನಾನು. ಅಯ್ಯೋ ಅನ್ಲಿಲ್ಲ."

ತಿಪ್ಪಯ್ಯ ಕಂಬಳಿಯನ್ನು ಎದೆಗೆ ಅವಚಿಕೊಂಡ.

"ಅನ್ಲಿಲ್ಲ ಅಣ್ಣ," ಅಂದ. "ಅಂತೀಯೇನೋ ಅಂತ ನಾಲ್ಕು ವರ್ಷದಿಂದ ಕಾಯ್ತಾ ಇದ್ದೆ."

ಆಮೇಲೆ ಇಬ್ಬರೂ ಅತ್ತರು. ಮುಖ ಮುಚ್ಚಿಕೊಳ್ಳದೆ, ಅಷ್ಟು ಜನರ ಮುಂದೆ, ಹೆಣದ ಮುಂದೆ ಅಳುವ ಹಾಗೆ ಅತ್ತರು. ಶಶಿರೇಖಾ ನಿಂತಲ್ಲೇ ಅತ್ತಳು. ನಾನಂತೂ ಕಂಬ ಹಿಡಿದು ಅತ್ತೆ, ಪಾತಕ್ಕನ ಹೆಸರು ಕೂಗಿ ಕೂಗಿ. ಓಲಗದವರು ಏನು ಬಾರಿಸಬೇಕೋ ತಿಳಿಯದೆ ಸುಮ್ಮನೆ ಕೂತರು. ಮುಹೂರ್ತ ಮೀರುತ್ತದೆ ಅಂತ ಐನೋರು ಗೊಣಗಿದರು, ಮೀರಿಯೂ ಮೀರಿತು. ಮಹಾಂತೇಶ ತನ್ನ ಅವ್ವನ ಭುಜ ಒತ್ತಿ, "ಕುಂತ್ಕ, ಅವ್ರು ಮುಗಿಸ್ಲಿ," ಅಂದ. ಅವನ ಬಗ್ಗೆ ನನಗೆ ಅಲ್ಲಿಯವರೆಗೆ ಇದ್ದ ಸಣ್ಣ ಅನುಮಾನ ಅಲ್ಲಿಗೆ ಹೋಯಿತು.

ಎಲ್ಲರೂ ಅತ್ತು ಮುಗಿದ ಮೇಲೆ ತಿಪ್ಪಯ್ಯ ಅಂಗೈಯಲ್ಲಿ ಮುಖ ಒರೆಸಿಕೊಂಡು ನೆಟ್ಟಗೆ ನಿಂತ.

"ಅಣ್ಣಾ, ಗದ್ದಿಗೆ ಹಾಸಲಾ?" ಅಂದ, ಇಡೀ ಬೀದಿಗೆ ಕೇಳುವ ಹಾಗೆ.

"ಹಾಸೋ ತಮ್ಮಾ," ಅಂದ ಬೋರಯ್ಯ.